ಎದುರು ಸಾಲಿನ ಕೈಗಳು



ಇಸವಿ 1977, ನವೆಂಬರ್ 19, ಶನಿವಾರ ರಾತ್ರಿ. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಆಗಷ್ಟೇ ಮುಗಿದಿತ್ತು. ಟೆಲ್ ಅವೀವ್ ಬಳಿಯ ಬೆನ್ ಗುರಿಯನ್ ವಿಮಾನ ನಿಲ್ದಾಣದಲ್ಲಿ ಈಜಿಪ್ಟಿನ ವಿಮಾನವೊಂದು ಬಂದಿಳಿಯಿತು. ಬಾಗಿಲು ತೆರೆದು ಹೊರಗೆ ಬಂದವರು ಆ ದೇಶದ ಅಧ್ಯಕ್ಷ ಅನ್ವರ್ ಸಾದತ್. ನಾಲ್ಕು ವರ್ಷದ ಹಿಂದೆ, ಯಹೂದಿಗಳು ಉಪವಾಸವಿದ್ದ ಯೋಮ್ ಕಿಪ್ಪುರ್ ದಿನ, ಸೂಯೆಜ್ ಕಾಲುವೆ ದಾಟಿಸಿ ಸೈನ್ಯ ನುಗ್ಗಿಸಿದವರು ಇವರೇ. ಆ ಯುದ್ಧದಲ್ಲಿ ಇಸ್ರೇಲಿನ 2600ಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಈಜಿಪ್ಟ್, ಸಿರಿಯಾಗಳ ಕಡೆ ಸತ್ತವರು ಅದಕ್ಕಿಂತ ಎಷ್ಟೋ ಹೆಚ್ಚು. ಈಗ ಅದೇ ಸಾದತ್ ಮೆಟ್ಟಿಲಿಳಿದು ಬರುತ್ತಿದ್ದಾರೆ. ಕೆಳಗೆ ಇಸ್ರೇಲಿನ ಮಂತ್ರಿಗಳು, ಸೇನಾಪತಿಗಳು ಸಾಲಾಗಿ ನಿಂತಿದ್ದಾರೆ.

ಬಂದ ಅತಿಥಿಯ ದೇಶದ ರಾಷ್ಟ್ರಗೀತೆ ನುಡಿಸಬೇಕಲ್ಲ? ಶತ್ರುದೇಶದ ಗೀತೆಯ ಸ್ವರಲಿಪಿ ಇಸ್ರೇಲಿನ ಸೇನಾ ವಾದ್ಯವೃಂದದ ಬಳಿ ಎಲ್ಲಿಂದ ಇರಬೇಕು? ಕೈರೋ ರೇಡಿಯೋ ಕೇಳಿ ಕೇಳಿ ಆ ಧಾಟಿಯನ್ನು ಬರೆದುಕೊಂಡರೆಂದು ಆ ದಿನಗಳನ್ನು ಕಂಡವರು ಹೇಳುತ್ತಾರೆ. ಬಾನುಲಿಯಲ್ಲಿ ಮಾತನಾಡಲು ಕುಳಿತಾಗ ನನಗೆ ಮೊದಲು ನೆನಪಾಗುವುದು ಈ ಸಂಗತಿಯೇ. ಗಡಿಯಲ್ಲಿ ಮುಳ್ಳುತಂತಿ ಹಾಕಬಹುದು. ಗಾಳಿಯಲ್ಲಿ ಬರುವ ದನಿಗೆ ಬೇಲಿ ಹಾಕಲಾಗದು.

ಮರುದಿನ ಬಕ್ರೀದ್. ಸಾದತ್ ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯಲ್ಲಿ ನಮಾಜು ಮಾಡಿದರು. ಹಿಟ್ಲರನ ಕಾಲದಲ್ಲಿ ಸತ್ತ ಯಹೂದಿಗಳ ಸ್ಮಾರಕವಾದ ಯಾದ್ ವಾಶೆಮ್ ನೋಡಿದರು. ಆಮೇಲೆ ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ಗೆ ಬಂದು ತಮ್ಮ ಅರಬ್ಬೀ ಭಾಷೆಯಲ್ಲೇ ಮಾತನಾಡಿದರು. ಅವರು ಕೇಳಿದ್ದೇನೂ ಸಣ್ಣದಲ್ಲ. 1967ರ ಯುದ್ಧದಲ್ಲಿ ಹಿಡಿದ ಅರಬ್ ನೆಲವನ್ನೆಲ್ಲ ಬಿಡಿ, ಪ್ಯಾಲೆಸ್ಟೀನಿಯರ ಹಕ್ಕನ್ನು ಒಪ್ಪಿ ಎಂದರು. ಬದಲಿಗೆ, ನಿಮ್ಮ ನಡುವೆ ಬಾಳಲು ನಾವು ಸಿದ್ಧ ಎಂದರು.

ಇದಕ್ಕೆ ಹತ್ತೇ ದಿನ ಮುಂಚೆ ಸಾದತ್ ತಮ್ಮ ದೇಶದ ಸಂಸತ್ತಿನಲ್ಲಿ, ಶಾಂತಿಗಾಗಿ ಕ್ನೆಸೆಟ್‌ವರೆಗೂ ಹೋಗುತ್ತೇನೆ ಎಂದಿದ್ದರು. ಪ್ರಧಾನಿಯ ಮನೆಗೆ ಹೋಗುತ್ತೇನೆ ಎನ್ನಲಿಲ್ಲ. ಸೇನಾಪತಿಯನ್ನು ಕಾಣುತ್ತೇನೆ ಎನ್ನಲಿಲ್ಲ. ಸಂಸತ್ತಿಗೆ ಹೋಗುತ್ತೇನೆ ಎಂದರು. ಒಬ್ಬ ಪ್ರಧಾನಿಯ ಮನಸ್ಸನ್ನು ಗೆದ್ದರೆ ಸಾಲದು, ನೂರಿಪ್ಪತ್ತು ಜನ ಕೂತ ಆ ಸದನವನ್ನು ಗೆಲ್ಲಬೇಕು ಎಂಬುದು ಅವರಿಗೆ ಗೊತ್ತಿತ್ತು. ಇವತ್ತು ನಾನು ಹೇಳಹೊರಟಿರುವುದೂ ಅದನ್ನೇ. ಇಸ್ರೇಲ್ ಮತ್ತು ಅದರ ಅರಬ್ ನೆರೆಯವರ ನಡುವಿನ ಶಾಂತಿಯ ಕತೆಯನ್ನು ನಾವು ಅಮೆರಿಕದ ಶ್ವೇತಭವನದ ಹುಲ್ಲುಹಾಸಿನ ಮೇಲೆ ಕೈಕುಲುಕಿದ ಚಿತ್ರಗಳಲ್ಲಿ ನೋಡಿದ್ದೇವೆ. ಆ ಶಾಂತಿ ಉಳಿಯಿತೋ ಉರುಳಿತೋ ಎಂಬುದನ್ನು ತಿಳಿಯಲು ಜೆರುಸಲೇಮಿನ ಸದನದಲ್ಲಿ ಎದ್ದ ಕೈಗಳನ್ನು ಎಣಿಸಬೇಕು. ಅದರಲ್ಲೂ ಎದುರು ಸಾಲಿನಲ್ಲಿ, ಅಂದರೆ ವಿರೋಧ ಪಕ್ಷದ ಸಾಲಿನಲ್ಲಿ ಎದ್ದ ಕೈಗಳನ್ನು.

ಮೊದಲು ಆ ಸದನದ ಪರಿಚಯ ಮಾಡಿಕೊಳ್ಳೋಣ. ಕ್ನೆಸೆಟ್ ಎಂದರೆ ಸಭೆ. ಬಾಬಿಲೋನಿನ ಸೆರೆಯಿಂದ ಮರಳಿದ ಯಹೂದಿಗಳು ಕಟ್ಟಿಕೊಂಡಿದ್ದ ಮಹಾಸಭೆಯಲ್ಲಿ 120 ಜನ ಇದ್ದರೆಂದು ಅವರ ಸಂಪ್ರದಾಯ ಹೇಳುತ್ತದೆ. ಆ ನೆನಪಿಗೆ ಈ ಸದನದಲ್ಲೂ 120 ಸ್ಥಾನ. ನಮ್ಮ ಹಾಗೆ ಮೇಲ್ಮನೆ, ಕೆಳಮನೆ ಎಂದಿಲ್ಲ. ಇರುವುದು ಒಂದೇ ಮನೆ. ಮೊದಲ ಚುನಾವಣೆ ನಡೆದದ್ದು 1949ರ ಜನವರಿ 25ರಂದು. ಆ ಮೊದಲ ಸದನದಲ್ಲೇ ಮೂವರು ಅರಬ್ ಸದಸ್ಯರಿದ್ದರು. ಅವರಲ್ಲೊಬ್ಬರಾದ ಕಮ್ಯುನಿಸ್ಟ್ ನಾಯಕ ತೌಫೀಕ್ ತೂಬಿ 1990ರವರೆಗೆ, ನಾಲ್ಕು ದಶಕಕ್ಕೂ ಹೆಚ್ಚು ಕಾಲ, ಅಲ್ಲೇ ಇದ್ದರು.

ಮತ ಹಾಕುವ ರೀತಿ ನಮ್ಮದಕ್ಕಿಂತ ತೀರ ಬೇರೆ. ನಾವು ನಮ್ಮ ಕ್ಷೇತ್ರದ ಅಭ್ಯರ್ಥಿಯನ್ನು ಆರಿಸುತ್ತೇವೆ. ಅಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ಮತಗಟ್ಟೆಯ ಮರೆಯೊಳಗೆ ಹೋದರೆ ಮುಂದೆ ಒಂದು ತಟ್ಟೆ. ಅದರಲ್ಲಿ ಗೂಡು ಗೂಡಾಗಿ ಜೋಡಿಸಿಟ್ಟ ಕಾಗದದ ಚೀಟಿಗಳು. ಒಂದೊಂದು ಪಕ್ಷಕ್ಕೂ ಹೀಬ್ರೂ ಲಿಪಿಯ ಒಂದೆರಡೋ ಮೂರೋ ಅಕ್ಷರದ ಗುರುತು. ಲೇಬರ್ ಪಕ್ಷದ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಎಮೆತ್’, ಅಂದರೆ ಸತ್ಯ ಎಂದಾಗುತ್ತಿತ್ತು. ಮತದಾರ ತನಗೆ ಬೇಕಾದ ಚೀಟಿಯನ್ನೆತ್ತಿ ಲಕೋಟೆಯೊಳಗಿಟ್ಟು ಪೆಟ್ಟಿಗೆಗೆ ಹಾಕುತ್ತಾನೆ. ಯಾವ ಪಕ್ಷಕ್ಕೆ ಎಷ್ಟು ಪಾಲು ಚೀಟಿ ಬಿತ್ತೋ ಅಷ್ಟು ಪಾಲು ಸ್ಥಾನ. ಮೊದಲೆಲ್ಲ ಶೇಕಡಾ 1ರಷ್ಟು ಮತ ಬಂದರೂ ಸದನದೊಳಗೆ ಕಾಲಿಡಬಹುದಿತ್ತು. ಅದನ್ನು ಏರಿಸುತ್ತ ಏರಿಸುತ್ತ 2014ರಲ್ಲಿ 3.25ಕ್ಕೆ ತಂದರು.

ಈ ಪದ್ಧತಿಯಲ್ಲಿ ಒಂದು ನ್ಯಾಯವಿದೆ. ಯಾರ ಚೀಟಿಯೂ ಹಾಗೆಲ್ಲ ವ್ಯರ್ಥವಾಗುವುದಿಲ್ಲ. ಒಂದು ಕಷ್ಟವೂ ಇದೆ. ಬಹುಮತಕ್ಕೆ 61 ಬೇಕು. ಇವತ್ತಿನವರೆಗೆ ಯಾವ ಪಕ್ಷವೂ ಚುನಾವಣೆಯಲ್ಲಿ ಒಂಟಿಯಾಗಿ 61 ಗೆದ್ದಿಲ್ಲ. ದೇಶದ ಮೊದಲ ಪ್ರಧಾನಿ ಬೆನ್ ಗುರಿಯನ್ ಅವರಿಗೂ ಅದು ಆಗಲಿಲ್ಲ. ಎಲ್ಲ ಪ್ರಧಾನಿಗಳೂ ಮೈತ್ರಿಕೂಟ ಕಟ್ಟಲೇಬೇಕು. ಐದಾರು ಸ್ಥಾನವಿರುವ ಪುಟ್ಟ ಪಕ್ಷ ಮುನಿಸಿಕೊಂಡರೆ ಸರಕಾರ ಅಲ್ಲಾಡುತ್ತದೆ. ಮೈತ್ರಿ ಸರಕಾರಗಳ ಏಳುಬೀಳುಗಳನ್ನು ಕಂಡ ನಮ್ಮ ರಾಜ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಒಂದು ಪಕ್ಷ ಮುನಿದರೆ ಮಂತ್ರಿಗಿರಿ ಮಾತ್ರ ಹೋಗುವುದಿಲ್ಲ. ಯುದ್ಧವೋ ಶಾಂತಿಯೋ ಎಂಬ ತೀರ್ಮಾನವೇ ಮಗುಚಿ ಬೀಳುತ್ತದೆ.

ಈಗ 1977ಕ್ಕೆ ಹಿಂತಿರುಗೋಣ. ದೇಶ ಹುಟ್ಟಿದಾಗಿನಿಂದ 29 ವರ್ಷ ಲೇಬರ್ ಪಕ್ಷದವರೇ ಆಳಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಮೆನಾಕೆಮ್ ಬೆಗಿನ್ ಅವರ ಲಿಕುಡ್ ಪಕ್ಷ 43 ಸ್ಥಾನ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ಬೆಗಿನ್ ಎಂದರೆ ಒಂದಂಗುಲ ನೆಲವನ್ನೂ ಬಿಡದ ಮನುಷ್ಯ ಎಂದು ಹೆಸರು. 1970ರಲ್ಲಿ ಅಮೆರಿಕದ ಶಾಂತಿ ಯೋಜನೆಗೆ ಆಗಿನ ಪ್ರಧಾನಿ ಗೋಲ್ಡಾ ಮೆಯಿರ್ ಒಪ್ಪಿಗೆ ಕೊಟ್ಟರೆಂದು ಅವರ ಸಂಪುಟದಿಂದಲೇ ಎದ್ದು ಬಂದವರು. ಇಂಥವರು ಪ್ರಧಾನಿಯಾದಾಗ, ಇನ್ನು ಶಾಂತಿಯ ಮಾತು ಮುಗಿಯಿತು ಎಂದುಕೊಂಡವರೇ ಹೆಚ್ಚು. ಆರು ತಿಂಗಳಲ್ಲಿ ಸಾದತ್ ಬಂದರು. ಹದಿನಾರು ತಿಂಗಳಲ್ಲಿ, 1978ರ ಸೆಪ್ಟೆಂಬರಿನಲ್ಲಿ, ಬೆಗಿನ್ ಮತ್ತು ಸಾದತ್ ಅಮೆರಿಕದ ಕ್ಯಾಂಪ್ ಡೇವಿಡ್ ಎಂಬ ಕಾಡಿನ ಬಿಡಾರದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೊಂದಿಗೆ ಹದಿಮೂರು ದಿನ ಕುಳಿತರು.

ಆ ಹದಿಮೂರನೆಯ ದಿನ ಮಾತುಕತೆ ಮುರಿದು ಬೀಳುವ ಹಂತಕ್ಕೆ ಬಂದಿತ್ತು. ಜೆರುಸಲೇಮಿನ ವಿಷಯದಲ್ಲಿ ಬೆಗಿನ್ ಮುನಿದು ಹೊರಡಲು ಸಿದ್ಧರಾಗಿದ್ದರು. ಮೂವರು ನಾಯಕರಿರುವ ಚಿತ್ರಕ್ಕೆ ಮೊಮ್ಮಕ್ಕಳಿಗಾಗಿ ಸಹಿ ಹಾಕಿಕೊಡಿ ಎಂದು ಅವರು ಕಾರ್ಟರ್ ಅವರನ್ನು ಮೊದಲೇ ಕೇಳಿದ್ದರು. ಕಾರ್ಟರ್ ಒಂದೊಂದು ಚಿತ್ರದ ಮೇಲೂ ಒಂದೊಂದು ಮೊಮ್ಮಗುವಿನ ಹೆಸರು ಬರೆದು, ತಾವೇ ಹಿಡಿದುಕೊಂಡು ಬೆಗಿನ್ ಅವರ ಬಿಡಾರಕ್ಕೆ ಹೋದರು. ಬೆಗಿನ್ ಒಂದೊಂದೇ ಹೆಸರು ಓದುತ್ತ ಹೋದಂತೆ ಅವರ ದನಿ ಕಟ್ಟಿತು. ಆ ಸಂಜೆ ಒಪ್ಪಂದವಾಯಿತು. ಹಿಂದಿನ ವರ್ಷ ಕ್ನೆಸೆಟ್‌ನಲ್ಲಿ ಗೋಲ್ಡಾ ಮೆಯಿರ್ ಕೂಡ ಸಾದತ್ ಅವರಿಗೆ, ಹೊಸದಾಗಿ ಹುಟ್ಟಿದ ಅವರ ಮೊಮ್ಮಗುವಿಗೆಂದು ಒಂದು ಉಡುಗೊರೆ ಕೊಟ್ಟಿದ್ದರು. 1973ರ ಯುದ್ಧದಲ್ಲಿ ಇಸ್ರೇಲಿನ ಪ್ರಧಾನಿಯಾಗಿದ್ದವರು ಅವರೇ. ಈಗ ಅವರ ಪಕ್ಷ ಎದುರು ಸಾಲಿನಲ್ಲಿತ್ತು. ಅಜ್ಜಿಯೊಬ್ಬರು ಅಜ್ಜನೊಬ್ಬನಿಗೆ ಕೊಟ್ಟ ಆ ಪುಟ್ಟ ಪೊಟ್ಟಣದಲ್ಲಿ, ಮುಂದೆ ಎದುರು ಸಾಲು ಏನು ಮಾಡಲಿದೆ ಎಂಬುದರ ಸೂಚನೆ ಇತ್ತು.

ಕ್ಯಾಂಪ್ ಡೇವಿಡ್ ಒಪ್ಪಂದದ ಪ್ರಕಾರ ಇಸ್ರೇಲ್ 1967ರಲ್ಲಿ ಈಜಿಪ್ಟಿನಿಂದ ಹಿಡಿದ ಸಿನಾಯ್ ಮರುಭೂಮಿಯನ್ನು ಪೂರ್ತಿ ಬಿಟ್ಟುಕೊಡಬೇಕು. ಅಲ್ಲಿ ನೆಲೆಸಿದ್ದ ಯಹೂದಿ ಕುಟುಂಬಗಳನ್ನು ಎಬ್ಬಿಸಬೇಕು. ಬೆಗಿನ್ ಅವರಿಗೆ ಇದು ಎಂಥ ಸಂಕಟವೆಂದರೆ, ನಿವೃತ್ತನಾದ ಮೇಲೆ ಸಿನಾಯ್‌ನ ಅಂಥದೇ ಒಂದು ಊರಿನಲ್ಲಿ ಮನೆ ಮಾಡಿಕೊಂಡಿರುತ್ತೇನೆ ಎಂದು ಅವರೇ ಹೇಳಿದ್ದರು. ಸದನದ ಮುಂದೆ ಪ್ರಶ್ನೆ ಇಟ್ಟಾಗ ಅವರು ತಮ್ಮ ಪಕ್ಷದವರಿಗೆ ವಿಪ್ ಕೊಡಲಿಲ್ಲ. ಆತ್ಮಸಾಕ್ಷಿ ಹೇಳಿದಂತೆ ಮತ ಹಾಕಿ ಎಂದರು. ಸೆಪ್ಟೆಂಬರ್ 27ರ ಚರ್ಚೆ ರಾತ್ರಿ ಕಳೆದು ಮರುದಿನಕ್ಕೆ ಹೊರಳಿತು. ಕೊನೆಗೆ ಎಣಿಸಿದಾಗ ಪರ 84, ವಿರುದ್ಧ 19, ತಟಸ್ಥ 17.

ಈ 84ರೊಳಗೆ ಯಾರಿದ್ದರು, ಯಾರಿರಲಿಲ್ಲ ಎಂದು ನೋಡಬೇಕು. ಬೆಗಿನ್ ಅವರದೇ ಪಕ್ಷದ ಮೋಶೆ ಅರೆನ್ಸ್ ವಿರುದ್ಧ ಮತ ಹಾಕಿದರು. ಸಭಾಧ್ಯಕ್ಷರಾಗಿ ಸಾದತ್ ಅವರನ್ನು ಸದನಕ್ಕೆ ಬರಮಾಡಿಕೊಂಡಿದ್ದ ಯಿಟ್ಝಾಕ್ ಶಮೀರ್ ತಟಸ್ಥರಾಗಿ ಉಳಿದರು. ಬ್ರಿಟಿಷರ ಕಾಲದಲ್ಲಿ ಭೂಗತ ಬಾನುಲಿಯ ದನಿಯಾಗಿದ್ದ, ಬೆಗಿನ್ ಅವರನ್ನು ನಾಯಕನೆಂದು ಒಪ್ಪಿದ್ದ ಗಿಯುಲಾ ಕೊಹೆನ್ ಎದ್ದು ನಿಂತು ವಿರೋಧಿಸಿದರು. ಮುಂದೆ ಪಕ್ಷವನ್ನೇ ತೊರೆದು ಹೊಸ ಪಕ್ಷ ಕಟ್ಟಿದರು. ತನ್ನವರು ಹೀಗೆ ಕೈಬಿಟ್ಟಾಗ ಬೆಗಿನ್ ಅವರನ್ನು ಕಾಪಾಡಿದ್ದು ಎದುರು ಸಾಲಿನ ಲೇಬರ್ ಪಕ್ಷ. ಶಿಮೋನ್ ಪೆರೆಸ್ ಅವರ ನಾಯಕತ್ವದ ಆ ಪಕ್ಷಕ್ಕೆ ಬೆಗಿನ್ ಸರಕಾರವನ್ನು ಬೀಳಿಸುವ ಆಸೆ ಇರಲಿಲ್ಲವೇ? ಇತ್ತು. 29 ವರ್ಷದ ಅಧಿಕಾರ ಕಳೆದುಕೊಂಡ ನೋವು ಹಸಿಯಾಗಿಯೇ ಇತ್ತು. ಆದರೂ ಅವರು ಕೈ ಎತ್ತಿದರು. 1979ರ ಮಾರ್ಚ್ 26ರಂದು ಸಹಿಯಾದ ಶಾಂತಿ ಒಪ್ಪಂದಕ್ಕೆ ಸದನ ಕೊಟ್ಟ ಮತ ಇನ್ನೂ ದೊಡ್ಡದು: ಪರ 95, ವಿರುದ್ಧ 18.

ಆ ಎಣಿಕೆಯಿಂದ ಏನಾಯಿತು ಎಂಬುದಕ್ಕೆ ತಾಬಾದ ಕತೆ ಹೇಳುತ್ತೇನೆ. 1982ರ ಏಪ್ರಿಲ್ ಹೊತ್ತಿಗೆ ಇಸ್ರೇಲ್ ಸಿನಾಯ್ ಬಿಟ್ಟು ಹೊರಟಿತು. ಯಾಮಿತ್ ಎಂಬ ಊರಿನಲ್ಲಿ ಜನ ಮನೆಗಳ ಮಾಳಿಗೆ ಹತ್ತಿ ಕುಳಿತರು; ಅವರದೇ ದೇಶದ ಸೈನಿಕರು ಅವರನ್ನು ಹೊತ್ತು ಕೆಳಗಿಳಿಸಿದರು. ಇಷ್ಟಾದರೂ ಕೆಂಪು ಸಮುದ್ರದ ತೀರದಲ್ಲಿ ತಾಬಾ ಎಂಬ ತುಂಡು ನೆಲದ ವ್ಯಾಜ್ಯ ಉಳಿಯಿತು. ಅದು ಎಷ್ಟೆಂದರೆ ಸುಮಾರು ಒಂದು ಚದರ ಕಿಲೋಮೀಟರ್. ಒಂದು ಹೋಟೆಲು, ಒಂದಿಷ್ಟು ಮರಳು. 1906ರಲ್ಲಿ ತುರ್ಕರೂ ಬ್ರಿಟಿಷರೂ ಗಡಿ ಗುರುತಿಸಲು ನೆಟ್ಟ ಕಂಬಗಳಲ್ಲಿ ಕೊನೆಯದು, 91ನೆಯದು, ನಿಜವಾಗಿ ಎಲ್ಲಿತ್ತು ಎಂಬುದೇ ಜಗಳ. ನಮ್ಮ ಹಳ್ಳಿಗಳಲ್ಲಿ ಬದುವಿನ ತಕರಾರು ಎದ್ದರೆ ಸರ್ವೆಯವರು ಹಳೇ ನಕ್ಷೆ ಹಿಡಿದು ಬಾಂದುಕಲ್ಲು ಹುಡುಕುತ್ತಾರಲ್ಲ, ಹಾಗೆಯೇ ಎರಡು ದೇಶಗಳು ಹಳೇ ನಕ್ಷೆ, ಹಳೇ ಚಿತ್ರಗಳನ್ನು ಹಿಡಿದು ಪಂಚಾಯತಿಗೆ ಹೋದವು. ಐವರು ಪಂಚರಲ್ಲಿ ನಾಲ್ವರು 1988ರಲ್ಲಿ ಈಜಿಪ್ಟಿನ ಪರ ತೀರ್ಪು ಕೊಟ್ಟರು. 1989ರ ಮಾರ್ಚ್‌ನಲ್ಲಿ ಇಸ್ರೇಲ್ ತಾಬಾವನ್ನು ಒಪ್ಪಿಸಿತು.

ಒಪ್ಪಿಸಿದಾಗ ಪ್ರಧಾನಿಯಾಗಿದ್ದವರು ಯಾರು? 1978ರ ಆ ರಾತ್ರಿ ಕೈ ಎತ್ತದೆ ಕುಳಿತಿದ್ದ ಯಿಟ್ಝಾಕ್ ಶಮೀರ್. ಅವರಿಗೆ ಆ ಒಪ್ಪಂದ ಇಷ್ಟವಿರಲಿಲ್ಲ. ಆದರೆ ಅದು ಬೆಗಿನ್ ಒಬ್ಬರ ಒಪ್ಪಂದವಾಗಿ ಉಳಿದಿರಲಿಲ್ಲ. ಇಡೀ ಸದನದ ಒಪ್ಪಂದವಾಗಿತ್ತು. ಸಾದತ್ 1981ರ ಅಕ್ಟೋಬರ್ 6ರಂದು ಗುಂಡಿಗೆ ಬಲಿಯಾದರು. 1982ರಲ್ಲಿ ಲೆಬನಾನ್ ಯುದ್ಧವಾಯಿತು. ಆಮೇಲೆ ಎಷ್ಟೋ ಸರಕಾರಗಳು ಬಂದು ಹೋದವು. ಕೈರೋದಲ್ಲಿ ಆಳ್ವಿಕೆಯೇ ಬುಡಮೇಲಾಯಿತು. ಒಪ್ಪಂದ ಮಾತ್ರ ನಿಂತಿದೆ. ಅದು ಬೆಚ್ಚಗಿನ ಗೆಳೆತನವಲ್ಲ ನಿಜ. ಆದರೆ ಆ ಗಡಿಯಲ್ಲಿ ನಲವತ್ತೈದು ವರ್ಷಕ್ಕೂ ಮಿಕ್ಕಿ ಎರಡು ಸೈನ್ಯಗಳ ನಡುವೆ ಯುದ್ಧವಾಗಿಲ್ಲ. ಮಗನನ್ನು ಆ ಗಡಿಗೆ ಕಳಿಸಿದ ತಾಯಿಯನ್ನು ಕೇಳಿ ನೋಡಿ, ತಣ್ಣಗಿನ ಶಾಂತಿಯೂ ಎಷ್ಟು ದೊಡ್ಡದೆಂದು.

ಜೋರ್ಡನ್ ಜೊತೆಗಿನ ಒಪ್ಪಂದವೂ ಹೀಗೆಯೇ. 1994ರ ಅಕ್ಟೋಬರಿನಲ್ಲಿ ಪ್ರಧಾನಿ ಯಿಟ್ಝಾಕ್ ರಾಬಿನ್ ಅದನ್ನು ಸದನಕ್ಕೆ ತಂದಾಗ ಪರ 105, ವಿರುದ್ಧ ಬರೀ 3. ಬೆಂಜಮಿನ್ ನೆತನ್ಯಾಹು ನೇತೃತ್ವದ ವಿರೋಧ ಪಕ್ಷವೂ ಕೈ ಎತ್ತಿತ್ತು. ಆ ಒಪ್ಪಂದವೂ ನಿಂತಿದೆ.

ಇನ್ನು ಮನಸ್ಸು ಭಾರವಾಗುವ ಭಾಗಕ್ಕೆ ಬರುತ್ತೇನೆ. ಅದೇ ರಾಬಿನ್ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ಯಾಸಿರ್ ಅರಾಫತ್ ಅವರ ಕೈ ಹಿಡಿದದ್ದು 1993ರ ಸೆಪ್ಟೆಂಬರ್ 13ರಂದು. ನಾರ್ವೆಯ ಓಸ್ಲೋದಲ್ಲಿ ಗುಟ್ಟಾಗಿ ನಡೆದ ಮಾತುಕತೆಯ ಫಲ ಅದು. ಹತ್ತು ದಿನದ ಮೇಲೆ ಕ್ನೆಸೆಟ್ ಮತ ಹಾಕಿತು: ಪರ 61, ವಿರುದ್ಧ 50, ತಟಸ್ಥ 8. ರಾಬಿನ್ ಅವರ ಲೇಬರ್ ಪಕ್ಷಕ್ಕೆ 44 ಸ್ಥಾನ, ಜೊತೆಗಾರ ಮೆರೆಟ್ಸ್ ಪಕ್ಷಕ್ಕೆ 12. ಕೂಡಿದರೆ 56. ಶಾಸ್ ಎಂಬ ಧಾರ್ಮಿಕ ಪಕ್ಷ ಅದೇ ತಿಂಗಳು ಮೈತ್ರಿ ಬಿಟ್ಟಿತ್ತು. ಉಳಿದ ಐದು ಮತ ಬಂದದ್ದು ಸರಕಾರದ ಹೊರಗಿದ್ದು ಆಸರೆಯಾಗಿದ್ದ ಎರಡು ಪಕ್ಷಗಳಿಂದ. ಅರಬ್ ಪ್ರಜೆಗಳ ಮತವೇ ಆ ಪಕ್ಷಗಳ ಬಲ.

ವಿರೋಧಿಗಳು ಅಂದು ಎತ್ತಿದ ಆಕ್ಷೇಪ, ಇದು ಯಹೂದಿಗಳ ಬಹುಮತವಲ್ಲ ಎಂಬುದು. ನನಗೆ ಇದು ಯಾವ ಕೋನದಿಂದ ನೋಡಿದರೂ ತಪ್ಪಾಗಿ ಕಾಣುತ್ತದೆ. ಇಸ್ರೇಲಿನ ಐವರು ಪ್ರಜೆಗಳಲ್ಲಿ ಒಬ್ಬರು ಅರಬ್. 1949ರಿಂದ ಅವರ ಚೀಟಿಯೂ ಅದೇ ಲಕೋಟೆಯಲ್ಲಿ ಅದೇ ಪೆಟ್ಟಿಗೆಗೆ ಬಿದ್ದಿದೆ. 1966ರವರೆಗೆ ಅವರ ಊರುಗಳು ಸೇನಾಡಳಿತದ ಕೆಳಗಿದ್ದವು. ಊರು ಬಿಟ್ಟು ಹೋಗಲೂ ಪರವಾನಗಿ ಬೇಕಿತ್ತು. ಅದೆಲ್ಲವನ್ನೂ ಸಹಿಸಿ ಸದನಕ್ಕೆ ಬಂದವರು, ನೆರೆಯ ತಮ್ಮ ಬಂಧುಗಳೊಂದಿಗೆ ಶಾಂತಿಯಾಗಲಿ ಎಂದು ಕೈ ಎತ್ತಿದರೆ, ಆ ಕೈಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದರೆ ಹೇಗೆ? ಎಣಿಸುವಾಗ ಒಂದು ಕೈ ದೊಡ್ಡದು, ಇನ್ನೊಂದು ಚಿಕ್ಕದು ಎಂದಾದ ದಿನ ಅದು ಸದನವಾಗಿ ಉಳಿಯುವುದಿಲ್ಲ.

ಆದರೂ ಒಂದು ಸತ್ಯವನ್ನು ಮುಚ್ಚಿಡಲಾರೆ. 61 ನ್ಯಾಯಸಮ್ಮತ ಸಂಖ್ಯೆ; ಆದರೆ ಅದು ದೇಶದ ಎದೆ ಸೀಳುವಂಥ ತೀರ್ಮಾನವನ್ನು ಹೊರುವಷ್ಟು ಗಟ್ಟಿಯಾದ ಸಂಖ್ಯೆಯಲ್ಲ. ಓಸ್ಲೋದ ಎರಡನೆಯ ಒಪ್ಪಂದ 1995ರ ಅಕ್ಟೋಬರ್ 5ರಂದು ಚರ್ಚೆಗೆ ಬಂತು. ಪ್ಯಾಲೆಸ್ಟೀನಿಯರು ನೆಲೆಸಿರುವ ಪಶ್ಚಿಮ ದಂಡೆಯ ಊರುಗಳಿಂದ ಸೇನೆಯನ್ನು ಹಂತ ಹಂತವಾಗಿ ಹಿಂತೆಗೆಯುವ ಒಪ್ಪಂದ ಅದು. ಇಷ್ಟರೊಳಗೆ ಅದೇ ದಂಡೆಯ ಹೆಬ್ರಾನ್‌ನಲ್ಲಿ ಒಬ್ಬ ಯಹೂದಿ ಉಗ್ರ ನಮಾಜಿನಲ್ಲಿದ್ದ 29 ಮಂದಿಯನ್ನು ಕೊಂದಿದ್ದ. ಹಮಾಸ್ ಎಂಬ ಪ್ಯಾಲೆಸ್ಟೀನ್ ಸಂಘಟನೆಯ ಆತ್ಮಾಹುತಿ ಬಾಂಬುಗಳು ಇಸ್ರೇಲಿನ ಬಸ್ಸುಗಳನ್ನು ಛಿದ್ರ ಮಾಡಿದ್ದವು. ಸದನದೊಳಗೆ ಚರ್ಚೆ ನಡೆಯುವಾಗ ಹೊರಗೆ ಜೆರುಸಲೇಮಿನ ಝಯಾನ್ ಚೌಕದಲ್ಲಿ ಸಾವಿರಾರು ಜನ ಸೇರಿ ಕೂಗುತ್ತಿದ್ದರು. ರಾಬಿನ್ ಅವರಿಗೆ ನಾಜಿ ಸಮವಸ್ತ್ರ ತೊಡಿಸಿದ ಚಿತ್ರ ಅಲ್ಲಿ ಹರಿದಾಡಿತು. ಒಳಗೆ ಎಣಿಕೆ ಮುಗಿದಾಗ ಪರ 61, ವಿರುದ್ಧ 59. ಆ 61ರಲ್ಲಿ ಇಬ್ಬರು, ನೆಲ ಬಿಡಕೂಡದೆಂಬ ಝೋಮೆಟ್ ಪಕ್ಷದ ಪಟ್ಟಿಯಲ್ಲಿ ಗೆದ್ದು ಆಮೇಲೆ ಈಚೆ ಬಂದವರು. ಒಬ್ಬರು ಮಂತ್ರಿ, ಇನ್ನೊಬ್ಬರು ಉಪಮಂತ್ರಿ ಆಗಿದ್ದರು. ಪಕ್ಷಾಂತರ ಎಂಬ ಮಾತು ನಮಗೂ ಹೊಸದಲ್ಲ. ಎಷ್ಟು ಒಳ್ಳೆಯ ಕೆಲಸಕ್ಕಾದರೂ ಅಂಥ ಮತ ನಂಬಿಕೆಯನ್ನು ಕಟ್ಟುವುದಿಲ್ಲ.

ಆಮೇಲೆ ಒಂದು ತಿಂಗಳು. ನವೆಂಬರ್ 4ರ ಶನಿವಾರ ರಾತ್ರಿ ಟೆಲ್ ಅವೀವ್‌ನ ಚೌಕದಲ್ಲಿ ಶಾಂತಿಗಾಗಿ ಬೃಹತ್ ಸಭೆ. ಹಾಡಿ ಗೊತ್ತಿಲ್ಲದ ರಾಬಿನ್ ಕೂಡ ವೇದಿಕೆಯ ಮೇಲೆ ನಿಂತು, ಕಾಗದ ನೋಡಿಕೊಂಡು ಶಾಂತಿಯ ಹಾಡಿಗೆ ದನಿಗೂಡಿಸಿದರು. ಕಾಗದವನ್ನು ಮಡಚಿ ಜೇಬಿಗಿಟ್ಟು ಕೆಳಗಿಳಿದರು. ಕಾರಿನ ಬಳಿ ಒಬ್ಬ ಯಹೂದಿ ಯುವಕ ಅವರಿಗೆ ಗುಂಡಿಟ್ಟ. ಅವರ ಜೇಬಿನಲ್ಲಿ ಸಿಕ್ಕ ಆ ಹಾಳೆ ರಕ್ತದಲ್ಲಿ ತೊಯ್ದಿತ್ತು. ಅಂತ್ಯಸಂಸ್ಕಾರಕ್ಕೆ ಜೋರ್ಡನ್ನಿನ ದೊರೆ ಹುಸೇನ್ ಜೆರುಸಲೇಮಿಗೆ ಬಂದು, ಅಗಲಿದವನನ್ನು ಸಹೋದರನೆಂದು ಕರೆದರು. ಈಜಿಪ್ಟಿನ ಹೊಸ್ನಿ ಮುಬಾರಕ್ ಬಂದರು. ಶಾಂತಿ ಮಾಡಿಕೊಂಡ ನೆರೆಯವರು ಬಂದು ನಿಂತರು. ಕೊಂದವನು ಮನೆಯವನೇ ಆಗಿದ್ದ. ಮುಂದಿನ ಮೇ ತಿಂಗಳಲ್ಲಿ ನಡೆದ ಪ್ರಧಾನಿ ಸ್ಥಾನದ ನೇರ ಚುನಾವಣೆಯಲ್ಲಿ ಪೆರೆಸ್ ಶೇಕಡಾ ಒಂದಕ್ಕೂ ಕಡಿಮೆ ಅಂತರದಲ್ಲಿ ನೆತನ್ಯಾಹು ಅವರಿಗೆ ಸೋತರು.

ಕೇಳುಗರಲ್ಲಿ ಯಾರಾದರೂ ಕೇಳಬಹುದು: ಈಜಿಪ್ಟ್, ಜೋರ್ಡನ್‌ಗಳ ಒಪ್ಪಂದ ಉಳಿದದ್ದು ಕೈಗಳ ಲೆಕ್ಕದಿಂದಲೋ, ಅಲ್ಲಿನ ವ್ಯಾಜ್ಯವೇ ಸುಲಭದ್ದಾಗಿತ್ತೋ? ಸರಿಯಾದ ಪ್ರಶ್ನೆ. ಸಿನಾಯ್ ಮರುಭೂಮಿ, ಅಲ್ಲಿ ಗಡಿಗೆರೆ ಇತ್ತು, ಮೊದಲೇ ಒಂದು ದೇಶವಿತ್ತು. ಪಶ್ಚಿಮ ದಂಡೆಯಲ್ಲಿ ಮನೆ ಮನೆಗೆ ತಾಗಿಕೊಂಡಿದೆ, ಒಂದೇ ಗುಡ್ಡವನ್ನು ಇಬ್ಬರೂ ಪೂರ್ವಜರ ನೆಲವೆನ್ನುತ್ತಾರೆ. ಅಲ್ಲಿ ಸದನದ ಒಂದು ಮತ ಸಾಲದು. 1998ರಲ್ಲಿ ಪಶ್ಚಿಮ ದಂಡೆಯ ಬಗೆಗಿನ ವೈ ನದಿ ಒಪ್ಪಂದವನ್ನು ನೆತನ್ಯಾಹು ಸದನಕ್ಕೆ ತಂದಾಗ ಪರ 75 ಮತ ಬಿದ್ದವು. ಎದುರು ಸಾಲು ಕೈ ಎತ್ತಿತು, ತನ್ನ ಸಾಲು ಕೈಬಿಟ್ಟಿತು, ಸರಕಾರವೇ ಉರುಳಿತು. 2004ರಲ್ಲಿ ಪ್ರಧಾನಿ ಏರಿಯಲ್ ಶರೋನ್ ಗಾಜಾದಿಂದ ಹೊರಡುವ ಯೋಜನೆಗೆ 67 ಮತ ಪಡೆದರು, 2005ರಲ್ಲಿ ಹೊರಟರು. ಆದರೆ ಆಚೆ ಕಡೆ ಸಹಿ ಹಾಕಿದವರೇ ಇರಲಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ.

ಆಚೆ ಕಡೆಯ ಸದನದ ಮಾತನ್ನೂ ಹೇಳಬೇಕು. ಪ್ಯಾಲೆಸ್ಟೀನಿಯರಿಗೂ 132 ಸ್ಥಾನದ ಶಾಸನಸಭೆ ಇತ್ತು. 2006ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ಹಮಾಸ್ 74 ಸ್ಥಾನ ಗೆದ್ದಿತು. ಮರುವರ್ಷ ಹಮಾಸ್ ಮತ್ತು ಅದರ ಎದುರಾಳಿ ಫತಾಹ್ ಬಣಗಳು ಹೊಡೆದಾಡಿ ಗಾಜಾ ಒಂದು ಕಡೆ, ಪಶ್ಚಿಮ ದಂಡೆ ಇನ್ನೊಂದು ಕಡೆಯಾಯಿತು. ಆಮೇಲೆ ಆ ಸಭೆಗೆ ಚುನಾವಣೆಯೇ ನಡೆದಿಲ್ಲ. ಅಂದು ಹುಟ್ಟಿದ ಮಗು ಮತದಾನದ ವಯಸ್ಸಿಗೆ ಬಂದು ನಿಂತಿದೆ. ಒಂದು ಸಲವೂ ತನ್ನ ಶಾಸನಸಭೆಯ ಚುನಾವಣೆಯನ್ನು ಕಂಡಿಲ್ಲ. ಶಾಂತಿಗೆ ಎರಡೂ ಕಡೆ ಕೈ ಎಣಿಸಲು ಸದನ ಬೇಕು. ಒಂದು ಕಡೆಯ ಸದನ ಬಾಗಿಲು ಮುಚ್ಚಿ ಕುಳಿತಿದ್ದರೆ ಬಂದೂಕು ಹಿಡಿದವನೇ ಅದರ ಹೆಸರಿನಲ್ಲಿ ಮಾತನಾಡುತ್ತಾನೆ.

2020ರಲ್ಲಿ ಇಸ್ರೇಲ್ ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಕ್ನೆಸೆಟ್ 80 ಮತ ಕೊಟ್ಟಿತು, ವಿರುದ್ಧ 13. ಆ 13 ಕೈಗಳು ಅರಬ್ ಪಕ್ಷಗಳ ಜಂಟಿ ಪಟ್ಟಿಯವರದು. ಶಾಂತಿ ಬೇಡವೆಂದು ಅವರು ವಿರೋಧಿಸಲಿಲ್ಲ. ಪ್ಯಾಲೆಸ್ಟೀನಿಯರನ್ನು ಪಕ್ಕಕ್ಕಿಟ್ಟು ದೂರದವರೊಂದಿಗೆ ಮಾಡಿಕೊಂಡ ಶಾಂತಿ ಎಂಬುದು ಅವರ ದೂರು. ಕ್ಯಾಂಪ್ ಡೇವಿಡ್‌ನಲ್ಲೂ ಹೀಗೇ ಆಗಿತ್ತು. ಪಶ್ಚಿಮ ದಂಡೆ ಮತ್ತು ಗಾಜಾದ ಜನರಿಗೆ ಸ್ವಾಡಳಿತ ಎಂದು ಬರೆದ ಭಾಗ ಕಾಗದದಲ್ಲೇ ಉಳಿಯಿತು. ನೆರೆಯವರೊಂದಿಗೆ ರಾಜಿ ಮಾಡಿಕೊಂಡು ಅದೇ ಅಂಗಳದಲ್ಲಿರುವವನನ್ನು ಮಾತನಾಡಿಸದೆ ಇದ್ದರೆ ಮನೆಯಲ್ಲಿ ನಿದ್ದೆ ಬರುವುದಿಲ್ಲ.

ಭರವಸೆ ಹುಟ್ಟಿಸಿದ ಒಂದು ದಿನವನ್ನೂ ನೆನೆಯಬೇಕು. 2021ರ ಜೂನ್ 13ರಂದು ಎಂಟು ಪಕ್ಷಗಳ ಸರಕಾರವೊಂದು 60–59ರಲ್ಲಿ ವಿಶ್ವಾಸಮತ ಗೆದ್ದಿತು. ಬಲಪಂಥದ ನಫ್ತಾಲಿ ಬೆನೆಟ್ ಪ್ರಧಾನಿ; ಅದೇ ಕೂಟದಲ್ಲಿ ಮನ್ಸೂರ್ ಅಬ್ಬಾಸ್ ಅವರ ಅರಬ್ ಪಕ್ಷ ರಾಅಮ್. ಸ್ವತಂತ್ರ ಅರಬ್ ಪಕ್ಷವೊಂದು ಕೂಟಕ್ಕೆ ಸಹಿ ಹಾಕಿ ಒಳಗೆ ಕುಳಿತದ್ದು ಅದೇ ಮೊದಲು. ಒಂದು ವರ್ಷದಲ್ಲಿ ಆ ಸರಕಾರ ಬಿತ್ತು. ಆದರೂ ಒಮ್ಮೆ ತೆರೆದ ಬಾಗಿಲು ಅದು; ತೆರೆಯಲಾರದ್ದು ಎಂದು ಇನ್ನು ಯಾರೂ ಹೇಳುವಂತಿಲ್ಲ.

ಆಮೇಲೆ 2023ರ ಅಕ್ಟೋಬರ್ 7. ಹಮಾಸ್ ಗಡಿ ದಾಟಿ ಸುಮಾರು 1200 ಜನರನ್ನು ಕೊಂದಿತು, 251 ಜನರನ್ನು ಒತ್ತೆ ಹಿಡಿದೊಯ್ದಿತು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಮಕ್ಕಳು, ಹೆಂಗಸರು, ಮುದುಕರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಆ ದಿನಗಳಲ್ಲಿ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಫೋನು ಬರುವವರೆಗೆ ಊಟ ಸೇರಲಿಲ್ಲ. ಇನ್ನೂ ಹಿಂದಿನ ನಂಟೂ ಒಂದಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಇಂದು ಅರಬರೂ ಯಹೂದಿಗಳೂ ಒಂದೇ ಬೀದಿಯಲ್ಲಿ ಬಾಳುವ ಊರು ಹೈಫಾ. ಆ ನೆಲ ನಮಗೆ ತೀರ ದೂರದ್ದೇನಲ್ಲ.

2024ರ ಜುಲೈನಲ್ಲಿ ಕ್ನೆಸೆಟ್ ಪ್ಯಾಲೆಸ್ಟೀನ್ ದೇಶ ಆಗಕೂಡದೆಂದು ನಿರ್ಣಯ ಮಾಡಿತು. ಪರ 68, ವಿರುದ್ಧ 9. ಈ ಸಂಖ್ಯೆ ಕೇಳಿದಾಗ ನನ್ನ ಮನಸ್ಸು ಕುಸಿಯಿತು. ಆದರೆ ಸ್ವಲ್ಪ ಹೊತ್ತು ಕಳೆದ ಮೇಲೆ ಇನ್ನೊಂದು ಸಂಖ್ಯೆ ನೆನಪಾಯಿತು. 1977ರ ಮೇ ತಿಂಗಳಲ್ಲಿ, ಸಿನಾಯ್ ಬಿಟ್ಟುಕೊಡಲು ಈ ಸದನದಲ್ಲಿ 84 ಜನ ಒಪ್ಪುತ್ತಾರೆಂದು ಯಾರಾದರೂ ಹೇಳಿದ್ದರೆ ನಂಬುವವರು ಇರಲಿಲ್ಲ. ಹದಿನಾರೇ ತಿಂಗಳಲ್ಲಿ ಆ 84 ಕೂಡಿಬಂತು. ಸದನ ಬದಲಾಗಿರಲಿಲ್ಲ, ಅದೇ ಸದಸ್ಯರು, ಅದೇ ಕುರ್ಚಿಗಳು. ಶತ್ರುವೊಬ್ಬ ಬಾಗಿಲಿಗೆ ಬಂದು ಮಾತನಾಡಿದ್ದ. ಪ್ರಧಾನಿಯೊಬ್ಬ ತನ್ನವರ ಸಿಟ್ಟನ್ನು ಹೊತ್ತುಕೊಂಡಿದ್ದ. ಎದುರು ಸಾಲಿನವರು, ಇವನು ಗೆದ್ದರೂ ಚಿಂತೆಯಿಲ್ಲ, ಯುದ್ಧ ನಿಲ್ಲಲಿ ಎಂದಿದ್ದರು.

ಇನ್ನೊಮ್ಮೆ ಅಂಥ ರಾತ್ರಿ ಬರಲಿ. ಜೆರುಸಲೇಮಿನಲ್ಲೂ ಬರಲಿ, ರಾಮಲ್ಲಾದಲ್ಲಿ ಬಾಗಿಲು ಮುಚ್ಚಿದ ಪ್ಯಾಲೆಸ್ಟೀನಿಯರ ಸಭೆಯಲ್ಲೂ ಬರಲಿ. ಕೈಗಳನ್ನು ಎಣಿಸುವಾಗ ಅರಬ್ಬನ ಕೈಯನ್ನೂ ಯಹೂದಿಯ ಕೈಯನ್ನೂ ಒಂದೊಂದು ಎಂದೇ ಎಣಿಸಲಿ. ಆ ಲೆಕ್ಕದ ಸುದ್ದಿಯನ್ನು ಇದೇ ಬಾನುಲಿಯಲ್ಲಿ ಕೇಳುವ ದಿನ ನಿಮಗೂ ನನಗೂ ಒದಗಿ ಬರಲಿ ಎಂದು ಹಾರೈಸುತ್ತ ನನ್ನ ಮಾತು ಮುಗಿಸುತ್ತೇನೆ.